ಲಾವಾ ಬಂಡೆಯಲ್ಲಿ ಅರಳುವ ಓಹಿಯಾ

ಜ್ವಾಲಾಮುಖಿಯಿಂದ ಉಕ್ಕಿದ ಲಾವಾ ತಣ್ಣಗಾದ ಮೇಲೆ ಆ ನೆಲ ಹೇಗಿರುತ್ತದೆ ಗೊತ್ತೇ, ಮಕ್ಕಳೇ? ಟಾರು ಸುರಿದು ಹಾಗೆಯೇ ಬಿಟ್ಟುಹೋದ ಮೈದಾನದಂತಿರುತ್ತದೆ. ಎಲ್ಲೆಲ್ಲೂ ಕಪ್ಪು, ಎಲ್ಲೆಲ್ಲೂ ಬಿರುಕು. ಹಿಡಿ ಮಣ್ಣು ಹುಡುಕಿದರೂ ಸಿಗುವುದಿಲ್ಲ. ಮಳೆ ಬಂದರೆ ನೀರು ಬಿರುಕಿನೊಳಗೆ ಇಳಿದು ಮಾಯವಾಗುತ್ತದೆ. ಬಿಸಿಲೇರಿದರೆ ಬಂಡೆ ಕಾದ ಹೆಂಚಾಗುತ್ತದೆ.

ಪೆಸಿಫಿಕ್ ಸಾಗರದ ನಡುವೆ ಇರುವ ಹವಾಯಿ ದ್ವೀಪಗಳಲ್ಲಿ ಇಂಥ ನೆಲ ಬೇಕಾದಷ್ಟಿದೆ. ಆ ದ್ವೀಪಗಳು ಹುಟ್ಟಿದ್ದೇ ಲಾವಾದಿಂದ. ಹೊಸ ಲಾವಾ ಆರಿದ ಕೆಲವೇ ವರ್ಷಗಳಲ್ಲಿ ಅಲ್ಲಿ ಕಲ್ಲುಹೂವು, ಜರೀಗಿಡಗಳ ಜೊತೆಗೆ ಒಂದು ಮರದ ಸಸಿಯೂ ಬಿರುಕಿನಿಂದ ತಲೆ ಎತ್ತುತ್ತದೆ. ಬರಿ ಬಂಡೆ ಕಾಡಾಗುವುದು ಆ ಸಸಿಯಿಂದ. ಮರದ ಹೆಸರು ಓಹಿಯಾ, ಅದರ ಹೂವಿನ ಹೆಸರು ಲೆಹುವಾ. ಎರಡನ್ನೂ ಸೇರಿಸಿ ಅಲ್ಲಿನವರು ಓಹಿಯಾ ಲೆಹುವಾ ಎಂದು ಕರೆಯುತ್ತಾರೆ. ಬೆಂಕಿಗೆ ಹೆದರದ ಈ ಮರ ಈಗ ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಬೂಷ್ಟಿನ ಮುಂದೆ ಸೋಲುತ್ತಿದೆ. ಈ ವಾರ ಅದರ ಕಥೆ ಕೇಳೋಣ.

ನೇರಳೆಯ ದೂರದ ನೆಂಟ

ಓಹಿಯಾ ಹವಾಯಿ ಬಿಟ್ಟರೆ ಜಗತ್ತಿನ ಇನ್ನಾವ ಕಾಡಿನಲ್ಲೂ ತಾನಾಗಿ ಬೆಳೆಯುವುದಿಲ್ಲ. ಆದರೆ ಅದರ ಕುಟುಂಬದವರು ನಮ್ಮ ಹಿತ್ತಲಿನಲ್ಲೇ ಇದ್ದಾರೆ. ನೇರಳೆ, ಸೀಬೆ, ಪನ್ನೇರಳೆ, ಲವಂಗ, ನೀಲಗಿರಿ ಇವೆಲ್ಲ ಅದೇ ಸಸ್ಯಕುಟುಂಬದವು. ಸೀಬೆಯ ಹೂವನ್ನು ನೋಡಿದ್ದೀರಲ್ಲ? ದಳಗಳಿಗಿಂತ ನಡುವಿನ ಕೇಸರಗಳ ಗೊಂಚಲೇ ಎದ್ದು ಕಾಣುತ್ತದೆ. ಲೆಹುವಾ ಹೂವೂ ಹಾಗೆಯೇ. ಹತ್ತಾರು ಹೂಗಳು ಒತ್ತೊತ್ತಾಗಿ ಅರಳಿ, ಅವುಗಳ ಉದ್ದನೆಯ ಕೇಸರಗಳೆಲ್ಲ ಸೇರಿ ಕೆಂಪು ನೂಲಿನ ಕುಚ್ಚಿನಂತೆ ಕಾಣುತ್ತವೆ. ಹೆಚ್ಚಿನವು ಕಡುಗೆಂಪು. ಕಿತ್ತಳೆ, ಹಳದಿ ಬಣ್ಣದವೂ ಇವೆ.

ಹವಾಯಿಗೆ ಮೊದಲು ಬಂದ ಪಾಲಿನೇಷ್ಯದ ಜನ ದೋಣಿಗಳಲ್ಲಿ ತಮ್ಮ ಜೊತೆ ಒಂದು ಹಣ್ಣಿನ ಗಿಡವನ್ನೂ ತಂದಿದ್ದರು. ಪನ್ನೇರಳೆಯ ಹತ್ತಿರದ ಜಾತಿಯದು ಅದು. ಅದಕ್ಕೂ ಕುಚ್ಚಿನಂಥ ಹೂವು ಬಿಡುತ್ತದೆ. ಹವಾಯಿ ಭಾಷೆಯಲ್ಲಿ ಅದರ ಹೆಸರು ಓಹಿಯಾ ಆಯ್, ಅಂದರೆ ತಿನ್ನುವ ಓಹಿಯಾ. ಸಸ್ಯಶಾಸ್ತ್ರದ ಪುಸ್ತಕ ಇಲ್ಲದ ಕಾಲದಲ್ಲೂ ಅವರು ಎರಡು ಮರಗಳ ನೆಂಟಸ್ತಿಕೆಯನ್ನು ಗುರುತಿಸಿ ಒಂದೇ ಹೆಸರು ಇಟ್ಟಿದ್ದರು ನೋಡಿ.

ವಿಜ್ಞಾನಿಗಳು ಇಟ್ಟ ಹೆಸರು ಮೆಟ್ರೊಸಿಡೆರಸ್ ಪಾಲಿಮಾರ್ಫಾ. ಮೊದಲ ಪದದಲ್ಲಿ ಗ್ರೀಕ್ ಭಾಷೆಯ ‘ಕಬ್ಬಿಣ’ ಇದೆ. ಮರದ ತಿರುಳು ಅಷ್ಟು ಗಟ್ಟಿ. ಎರಡನೆಯ ಪದಕ್ಕೆ ‘ಹಲವು ರೂಪದ್ದು’ ಎಂದು ಅರ್ಥ. ಈ ಹೆಸರು ಸುಮ್ಮನೆ ಬಂದದ್ದಲ್ಲ. ಒಳ್ಳೆಯ ಮಣ್ಣು ಸಿಕ್ಕ ಕಡೆ ಓಹಿಯಾ 20 ಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಕವಾಯಿ ದ್ವೀಪದ ಬೆಟ್ಟದ ಮೇಲಿನ ಜೌಗಿನಲ್ಲಿ ಅದೇ ಮರ ಗೇಣುದ್ದಕ್ಕೇ ನಿಂತು ಅಲ್ಲೇ ಹೂ ಬಿಡುತ್ತದೆ. ಸಮುದ್ರ ದಡದಿಂದ ಸುಮಾರು 2,500 ಮೀಟರ್ ಎತ್ತರದವರೆಗೂ ಅದು ಸಿಗುತ್ತದೆ.

ಬಂಡೆಯ ಮೇಲೆ ಅದು ಬದುಕುವುದಾದರೂ ಹೇಗೆ? ಓಹಿಯಾದ ಬೀಜ ಧೂಳಿನಷ್ಟು ಹಗುರ. ಗಾಳಿ ಅದನ್ನು ಎತ್ತಿಕೊಂಡು ಹೋಗಿ ಬಿರುಕಿನಲ್ಲಿ ಉದುರಿಸುತ್ತದೆ. ಒಂದಿಷ್ಟು ತೇವ ಸಿಕ್ಕರೆ ಸಾಕು, ಬೇರು ನೀರನ್ನು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಜ್ವಾಲಾಮುಖಿಯ ವಿಷಗಾಳಿ ಬೀಸಿದಾಗ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು, ನಾವು ಹೊಗೆ ಬಂದಾಗ ಉಸಿರು ಬಿಗಿಹಿಡಿಯುವಂತೆ ತಡೆದುಕೊಳ್ಳುತ್ತದೆ. ದಟ್ಟ ಕಾಡಿನಲ್ಲಿ ಅದರ ಉಪಾಯವೇ ಬೇರೆ. ಬೀಜ ದೊಡ್ಡ ಜರೀಮರದ ಕಾಂಡದ ಮೇಲೆ ಮೊಳೆತು, ಅಲ್ಲಿಂದಲೇ ನೆಲಕ್ಕೆ ಬೇರು ಬಿಡುತ್ತದೆ. ಕಾಲಕ್ರಮದಲ್ಲಿ ಜರೀಮರ ಸತ್ತು ಕರಗಿದರೂ ಓಹಿಯಾ ತನ್ನ ಬೇರುಗಳ ಮೇಲೆಯೇ ಮರಗಾಲು ಕಟ್ಟಿಕೊಂಡವರಂತೆ ನಿಂತಿರುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಈ ಮರಕ್ಕೆ ಅವಸರವಿಲ್ಲ. ಕಾಂಡ ವರ್ಷಕ್ಕೆ ಒಂದೆರಡು ಮಿಲಿಮೀಟರ್ ದಪ್ಪವಾದರೆ ಹೆಚ್ಚು. ತಬ್ಬಿದರೆ ಕೈಗೆ ಸಿಗದಂಥ ಓಹಿಯಾ ಕಂಡರೆ, ಅದು ನೂರಾರು ವರ್ಷಗಳಿಂದ ಅಲ್ಲಿ ನಿಂತಿದೆ ಎಂದೇ ತಿಳಿಯಬೇಕು.

ಮರವಾದ ಯುವಕ, ಹೂವಾದ ಯುವತಿ

ಹವಾಯಿಯ ಅಜ್ಜಿಯರು ಈ ಮರದ ಬಗ್ಗೆ ಒಂದು ಕಥೆ ಹೇಳುತ್ತಾರೆ. ಓಹಿಯಾ ಎಂಬ ಚೆಲುವ, ಲೆಹುವಾ ಎಂಬ ಚೆಲುವೆ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದರು. ಜ್ವಾಲಾಮುಖಿಯ ದೇವತೆ ಪೆಲೆಗೆ ಓಹಿಯಾನ ಮೇಲೆ ಮನಸ್ಸಾಯಿತು. “ನನ್ನನ್ನು ಮದುವೆಯಾಗು” ಎಂದಳು. ಅವನು ಒಪ್ಪಲಿಲ್ಲ. ಪೆಲೆಯ ಕೋಪ ಕೇಳಬೇಕೆ? ಅವನನ್ನು ಸೊಟ್ಟಕಾಂಡದ ಮರ ಮಾಡಿಬಿಟ್ಟಳು. ಲೆಹುವಾ ಅತ್ತಳು, ಬೇಡಿಕೊಂಡಳು. ಪೆಲೆ ಕರಗಲಿಲ್ಲ. ಉಳಿದ ದೇವತೆಗಳಿಗೆ ಕನಿಕರ ಬಂತು. ಆದರೆ ಪೆಲೆ ಮಾಡಿದ್ದನ್ನು ಅಳಿಸುವ ಶಕ್ತಿ ಅವರಿಗಿರಲಿಲ್ಲ. ಕೊನೆಗೆ ಲೆಹುವಾಳನ್ನು ಅದೇ ಮರದ ಕೆಂಪು ಹೂವು ಮಾಡಿದರು. ಇಬ್ಬರೂ ಒಂದಾದರು.

ಹಾಗಾಗಿ ಕಾಡಿಗೆ ಹೋಗುವಾಗ ಲೆಹುವಾ ಹೂವನ್ನು ಕೀಳಬಾರದು. ಕಿತ್ತರೆ ಮಳೆ ಬರುತ್ತದಂತೆ. ಅದು ಅಗಲಿದ ಪ್ರೇಮಿಗಳ ಕಣ್ಣೀರಂತೆ. “ಸಂಜೆ ಮೇಲೆ ಗಿಡ ಮುಟ್ಟಬೇಡ, ಅದು ಮಲಗಿದೆ” ಎಂದು ನಮ್ಮ ಅಜ್ಜಿಯರು ಹೇಳುತ್ತಾರಲ್ಲ, ಅಂಥದೇ ಮಾತು ಇದು.

ಕಥೆ ಹಾಗಿದ್ದರೂ ಮರವನ್ನು ಅವರು ಮುಟ್ಟದೇ ಬಿಟ್ಟಿರಲಿಲ್ಲ. ಗಟ್ಟಿ ಮರದಿಂದ ದೇವರ ವಿಗ್ರಹ ಕೆತ್ತುತ್ತಿದ್ದರು, ಮನೆಗೆ ಕಂಬ ನಿಲ್ಲಿಸುತ್ತಿದ್ದರು, ದೋಣಿಯ ಭಾಗಗಳನ್ನು ಮಾಡುತ್ತಿದ್ದರು. ಅವರ ಹುಲ ನೃತ್ಯದಲ್ಲಿ ಕುಣಿಯುವವರು ಲೆಹುವಾ ಹೂವಿನ, ಕೆಂಪು ಚಿಗುರಿನ ಮಾಲೆ ಧರಿಸುತ್ತಿದ್ದರು. ಬೇಕಾದಷ್ಟನ್ನು ಕೇಳಿ, ಪ್ರಾರ್ಥನೆ ಹೇಳಿ ತೆಗೆದುಕೊಳ್ಳುವುದು ಅಲ್ಲಿನ ಪದ್ಧತಿ.

ಕೆಂಪು ಹಕ್ಕಿಗಳ ಮನೆ

ಹವಾಯಿಯಲ್ಲಿ ಉಳಿದಿರುವ ಮೂಲ ಕಾಡಿನಲ್ಲಿ ಶೇ. 80ರಷ್ಟು ಓಹಿಯಾ ಮರಗಳದೇ. ಆದ್ದರಿಂದ ಈ ಮರಕ್ಕೆ ಆದದ್ದು ಆ ಮರವೊಂದಕ್ಕೇ ನಿಲ್ಲುವುದಿಲ್ಲ.

ಮೊದಲು ಹಕ್ಕಿಗಳು. ಅಪಪಾನೆ ಎಂಬ ಕಡುಗೆಂಪು ಹಕ್ಕಿ ಓಹಿಯಾ ಎಲ್ಲಿ ಅರಳಿದೆಯೋ ಅಲ್ಲಿಗೆ ಹಾರಿ ಹೋಗುತ್ತದೆ. ಮಕರಂದ ಹೀರುವಾಗ ಅದರ ಹಣೆಗೆ ಪರಾಗ ಅಂಟಿಕೊಂಡು ಇನ್ನೊಂದು ಮರಕ್ಕೆ ತಲುಪುತ್ತದೆ. ಇಈವಿ ಎಂಬ ಇನ್ನೊಂದು ಕೆಂಪು ಹಕ್ಕಿಗೆ ಕುಡಗೋಲಿನಂತೆ ಬಾಗಿದ ಕೊಕ್ಕು. ಹಿಂದೆ ಹವಾಯಿಯ ಅರಸರ ಮೇಲುಹೊದಿಕೆಗಳಿಗೆ ಇಂಥ ಹಕ್ಕಿಗಳ ಗರಿಗಳನ್ನೇ ಪೋಣಿಸುತ್ತಿದ್ದರು. ಈಗ ಇಈವಿ ಅಳಿವಿನ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. 1826ರ ಸುಮಾರಿಗೆ ಹಡಗಿನ ನೀರಿನ ಜೊತೆ ಹವಾಯಿಗೆ ಸೊಳ್ಳೆ ಬಂತು. ಆಮೇಲೆ ಹಕ್ಕಿಗಳ ಮಲೇರಿಯಾವೂ ಹರಡಿತು. ಅದನ್ನು ತಡೆಯುವ ಶಕ್ತಿ ಅಲ್ಲಿನ ಹಕ್ಕಿಗಳಿಗೆ ಇರಲಿಲ್ಲ. ಸೊಳ್ಳೆ ಏರಲಾರದ ತಂಪು ಬೆಟ್ಟದ ಓಹಿಯಾ ಕಾಡುಗಳೇ ಅವುಗಳ ಕೊನೆಯ ಆಸರೆ.

ಆಮೇಲೆ ನೀರು. ಬೆಟ್ಟದ ಮೇಲಿನ ಓಹಿಯಾ ಕಾಡು ಮಂಜನ್ನು ಎಲೆಗಳಲ್ಲಿ, ಕಾಂಡದ ಹಾವಸೆಯಲ್ಲಿ ಹಿಡಿದು ತೊಟ್ಟು ತೊಟ್ಟಾಗಿ ನೆಲಕ್ಕೆ ಇಳಿಸುತ್ತದೆ. ಸುತ್ತ ಉಪ್ಪುನೀರೇ ಇರುವ ದ್ವೀಪದಲ್ಲಿ ಕುಡಿಯುವ ನೀರು ಬಹುಪಾಲು ನೆಲದಡಿಯಿಂದ ಬರಬೇಕು. ಆ ನೆಲದಡಿಯ ಕೊಡ ತುಂಬುವುದು ಕಾಡು. ಮಳೆ ಕಾಡಿನ ಹಿಂದೆಯೇ ಹೋಗುತ್ತದೆ ಎಂಬರ್ಥದ ಗಾದೆ ಹವಾಯಿಯಲ್ಲಿದೆ.

ಗಾಯದಿಂದ ಬಂದ ಸಾವು

ಹವಾಯಿ ದ್ವೀಪಸಮೂಹದಲ್ಲೇ ಅತಿ ದೊಡ್ಡದಾದ ದ್ವೀಪದಲ್ಲಿ ಪೂನ ಎಂಬ ಸೀಮೆ ಇದೆ. 2010ರ ಸುಮಾರಿಗೆ ಅಲ್ಲಿನ ಜಮೀನುದಾರರು ಒಂದು ವಿಚಿತ್ರ ನೋಡಿದರು. ಚೆನ್ನಾಗಿದ್ದ ಓಹಿಯಾ ಮರದ ಎಲೆಗಳೆಲ್ಲ ಕೆಲವೇ ವಾರಗಳಲ್ಲಿ ಹಳದಿಯಾಗಿ, ಕಂದಾಗಿ, ಉದುರದೆ ಕೊಂಬೆಯಲ್ಲೇ ಒಣಗಿದವು. ಒಂದರ ಹಿಂದೆ ಒಂದು ಮರ ಹೀಗಾಯಿತು. 2014ರಲ್ಲಿ ವಿಜ್ಞಾನಿಗಳು ಕಾರಣ ಕಂಡುಹಿಡಿದರು. ಅದು ಸೆರಟೊಸಿಸ್ಟಿಸ್ ಎಂಬ ಶಿಲೀಂಧ್ರ, ನಮ್ಮ ಮಾತಿನಲ್ಲಿ ಬೂಷ್ಟು. ಅದರಲ್ಲಿ ಎರಡು ಹೊಸ ಜಾತಿಗಳಿವೆ ಎಂದು ಮುಂದೆ ತಿಳಿಯಿತು. 2018ರಲ್ಲಿ ಅವುಗಳಿಗೆ ಹವಾಯಿ ಭಾಷೆಯ ಪದಗಳಿಂದಲೇ ಹೆಸರಿಟ್ಟರು. ಹೆಚ್ಚು ಉಗ್ರವಾದುದರ ಹೆಸರು ಲುಕುಓಹಿಯಾ, ಅಂದರೆ ಓಹಿಯಾವನ್ನು ನಾಶಮಾಡುವುದು.

ಬೂಷ್ಟು ಮರದೊಳಗೆ ಹೋಗುವ ಬಾಗಿಲು ಗಾಯ. ತೊಗಟೆ ಗಟ್ಟಿಯಾಗಿ, ಇಡಿಯಾಗಿ ಇದ್ದರೆ ಅದಕ್ಕೆ ದಾರಿಯಿಲ್ಲ. ಕಾಡುಹಂದಿ ಕೆರೆದ ಬೇರು, ದನ ಉಜ್ಜಿದ ಕಾಂಡ, ಬಿರುಗಾಳಿಗೆ ಮುರಿದ ಕೊಂಬೆ, ಯಾರೋ ಕತ್ತಿಯಿಂದ ಕೊಚ್ಚಿದ ಗುರುತು ಇಷ್ಟಿದ್ದರೆ ಸಾಕು. ಒಳಹೊಕ್ಕ ಬೂಷ್ಟು ನೀರು ಏರುವ ನಾಳಗಳನ್ನು ಮುಚ್ಚುತ್ತದೆ. ಮರ ನೀರಡಿಸಿ ಸಾಯುತ್ತದೆ. ಎಲೆ ಒಣಗುವುದು ಕೆಲವೇ ವಾರಗಳ ಮಾತಾದರೂ ರೋಗ ತಿಂಗಳುಗಟ್ಟಲೆ ಮೊದಲೇ ಒಳಗೆ ಕುಳಿತಿರುತ್ತದೆ. ಹೊರಗೆ ಕಂಡಾಗ ತಡವಾಗಿರುತ್ತದೆ. ಸತ್ತ ಮರವನ್ನು ಸಣ್ಣ ದುಂಬಿಗಳು ಕೊರೆಯುತ್ತವೆ. ಹೊರಗೆ ಬೀಳುವ ಮರದ ಪುಡಿಯಲ್ಲಿ ಬೂಷ್ಟು ಜೀವಂತ ಇರುತ್ತದೆ. ಗಾಳಿ, ಮಣ್ಣು ಅಂಟಿದ ಬೂಟು, ವಾಹನದ ಚಕ್ರ ಅದನ್ನು ಮುಂದಕ್ಕೆ ಒಯ್ಯುತ್ತವೆ.

ಇದುವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಓಹಿಯಾ ಮರಗಳು ಸತ್ತಿವೆ. 2018ರಲ್ಲಿ ಕವಾಯಿ ದ್ವೀಪದಲ್ಲಿ, 2019ರಲ್ಲಿ ಮಾವಿ ಮತ್ತು ಓವಾಹು ದ್ವೀಪಗಳಲ್ಲಿ ರೋಗ ಕಂಡಿತು. ಅದೇ 2018ರಲ್ಲಿ ಪೂನದಲ್ಲಿ ಕಿಲವೇಯ ಜ್ವಾಲಾಮುಖಿ ಉಕ್ಕಿ ಸುಮಾರು 700 ಮನೆಗಳನ್ನು ನುಂಗಿತು. ಆ ಹೊಸ ಬಂಡೆಯ ಮೇಲೆ ಮತ್ತೆ ಕಾಡು ಬೆಳೆಸಬೇಕಾದ ಮರವೇ ಪಕ್ಕದ ಕಾಡಿನಲ್ಲಿ ಸಾಯುತ್ತಿದೆ. ಓಹಿಯಾ ಸತ್ತ ಜಾಗಕ್ಕೆ ಬೇರೆ ದೇಶದಿಂದ ಬಂದ ಗಿಡಗಳು ನುಗ್ಗುತ್ತವೆ. ಅವುಗಳಲ್ಲಿ ಬ್ರೆಜಿಲ್ ಕಡೆಯ ಒಂದು ಕಾಡುಸೀಬೆಯೂ ಸೇರಿದೆ. ನೆಂಟನೇ ಮನೆ ಹಿಡಿದ ಕಥೆ!

ಬೂಟು ಒರೆಸುವ ಕೆಲಸ

ಈ ರೋಗಕ್ಕೆ ಕಾಡಿನಲ್ಲಿ ಹಾಕುವಂಥ ಔಷಧ ಇಲ್ಲ. ಹಾಗೆಂದು ಹವಾಯಿಯ ಜನ ಕೈಕಟ್ಟಿ ಕೂತಿಲ್ಲ. ಕಾಡಿನ ದಾರಿ ಶುರುವಾಗುವಲ್ಲಿ ಬ್ರಷ್ಷುಗಳನ್ನೂ ದ್ರಾವಣದ ಬಾಟಲಿಗಳನ್ನೂ ಇಟ್ಟಿದ್ದಾರೆ. ಒಳಗೆ ಹೋಗುವವರು ಮೊದಲು ಬೂಟಿನ ಮಣ್ಣು ಕೆರೆದು, ಆಮೇಲೆ ಶೇ. 70ರ ಆಲ್ಕೊಹಾಲ್ ಸಿಂಪಡಿಸಿಕೊಳ್ಳಬೇಕು. ಕೋವಿಡ್ ಕಾಲದಲ್ಲಿ ನಾವು ಕೈಗೆ ಹಚ್ಚಿಕೊಂಡೆವಲ್ಲ, ಅಂಥದೇ. ಹೊರಗೆ ಬಂದಾಗ ಮತ್ತೆ ಅದೇ ಕೆಲಸ. ಶಾಲೆಯ ಮಕ್ಕಳು, ಪ್ರವಾಸಿಗಳು, ಬೇಟೆಗಾರರು, ವಿಜ್ಞಾನಿಗಳು ಎಲ್ಲರಿಗೂ ಒಂದೇ ನಿಯಮ.

2015ರಿಂದ ದೊಡ್ಡ ದ್ವೀಪದ ಓಹಿಯಾ ಮರ, ಕೊಂಬೆ, ಹೂವನ್ನು ಅನುಮತಿಯಿಲ್ಲದೆ ಬೇರೆ ದ್ವೀಪಕ್ಕೆ ಒಯ್ಯುವಂತಿಲ್ಲ. ಹುಲ ಕಲಿಸುವ ಗುರುಗಳಲ್ಲಿ ಹಲವರು ತಮ್ಮ ತಂಡಗಳಿಗೆ ಲೆಹುವಾ ಮಾಲೆ ಬೇಡವೆಂದರು. ತಲೆಮಾರುಗಳಿಂದ ಮುಡಿದ ಹೂವನ್ನು ಬಿಡುವುದು ಸಣ್ಣ ಮಾತಲ್ಲ. ಕುಣಿತದಲ್ಲಿ ಆ ಹೂವಿಗೆ ದೇವರ ಸ್ಥಾನವಿದೆ. ಆದರೂ ಬಿಟ್ಟರು.

ಹಂದಿ, ದನ, ಮೇಕೆಗಳು ಬಾರದಂತೆ ಕಾಡಿಗೆ ಬೇಲಿ ಹಾಕಿದ ಕಡೆ ರೋಗ ಕಡಿಮೆ ಇರುವುದು ಕಂಡುಬಂದಿದೆ. ಓಹಿಯಾ ಬೀಜಗಳನ್ನು ಸಂಗ್ರಹಿಸಿ ಒಣಗಿಸಿ ಬೀಜ ಭಂಡಾರಗಳಲ್ಲಿ ಕಾಪಿಡುತ್ತಿದ್ದಾರೆ. ಇನ್ನೊಂದು ಆಸೆಯೂ ಇದೆ. ಸುತ್ತಲಿನ ಮರಗಳೆಲ್ಲ ಸತ್ತರೂ ನಡುವೆ ಒಂದೊಂದು ಓಹಿಯಾ ಹಸಿರಾಗಿ ನಿಂತಿರುತ್ತದೆ. ಅಂಥ ಮರಗಳ ಸಸಿ ಮಾಡಿ, ಅವು ರೋಗವನ್ನು ತಡೆಯುತ್ತವೆಯೇ ಎಂದು ಪರೀಕ್ಷಿಸುತ್ತಿದ್ದಾರೆ. ಮರ ನಿಧಾನ, ಆದ್ದರಿಂದ ಉತ್ತರವೂ ನಿಧಾನ. ಇಂದು ಸಸಿ ನೆಟ್ಟವರ ಮೊಮ್ಮಕ್ಕಳು ಅದರ ನೆರಳಲ್ಲಿ ಕೂರಬೇಕು.

ಹೂ ಕೀಳಬೇಡಿ ಎಂದು ಅಜ್ಜಿಯ ಕಥೆ ಹೇಳಿತು. ಗಾಯ ಮಾಡಬೇಡಿ ಎಂದು ವಿಜ್ಞಾನ ಹೇಳಿತು. ಕಾಡಿಗೆ ಹೋಗುವ ಮಗುವಿಗೆ ಎರಡೂ ಒಂದೇ ಪಾಠ: ಮರದ ಹತ್ತಿರ ಕೈ ಬಿಗಿಹಿಡಿದು ನಡೆ.

ನೀವೂ ಮಾಡಿ ನೋಡಿ

ಸೀಬೆ, ನೇರಳೆ ಅಥವಾ ಪನ್ನೇರಳೆ ಹೂ ಬಿಟ್ಟಾಗ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಮರದ ಬಳಿ ಹೋಗಿ. ಹೂವನ್ನು ಕೀಳದೆ, ಕೊಂಬೆಯಲ್ಲೇ ಇರುವಾಗ ಭೂತಗನ್ನಡಿ ಹಿಡಿದು ನೋಡಿ. ದಳ ಎಷ್ಟು? ಕೇಸರ ಎಣಿಸಲು ಸಿಗುತ್ತದೆಯೇ? ಯಾವ ಹುಳ, ಯಾವ ಹಕ್ಕಿ ಬಂತು? ಬರೆದಿಡಿ. ಹಾಗೆಯೇ ಕಾಂಡವನ್ನೂ ಒಮ್ಮೆ ಸುತ್ತಿ ನೋಡಿ. ಮೊಳೆ ಹೊಡೆದ, ಹೆಸರು ಕೆತ್ತಿದ, ತೊಗಟೆ ಸುಲಿದ ಗುರುತುಗಳಿವೆಯೇ? ಎಷ್ಟು ಎಂದು ಎಣಿಸಿ. ಆ ಮರ ಚಿಕ್ಕದಿದ್ದಾಗ ಹೇಗಿತ್ತು, ಯಾರು ನೆಟ್ಟರು ಎಂದು ಹಿರಿಯರನ್ನು ಕೇಳಿ. ಅವರಿಗೆ ನೆನಪಿದ್ದರೆ, ಅದೂ ಬರೆದಿಡುವಂಥದ್ದೇ.