ಮನೆಪಾಠವೂ ತರಗತಿಯ ಪಾಠವೂ

ಕಳೆದ ಓಣಂ ರಜೆಯಲ್ಲಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಪದವಿ ತರಗತಿಯಲ್ಲಿ ಓದುತ್ತಿದ್ದಾಳೆ. ಸಂಜೆ ನೆರೆಕರೆಯ ಐದಾರು ಮಕ್ಕಳಿಗೆ ಟ್ಯೂಷನ್ ಕೊಡುತ್ತಾಳೆ. ಅಧ್ಯಾಪಿಕೆಯಾಗಬೇಕೆಂಬುದು ಅವಳ ಆಸೆ. “ಟೀಚರೇ, ಮೂರು ವರ್ಷದಿಂದ ಪಾಠ ಮಾಡ್ತಾ ಇದ್ದೇನೆ. ಇನ್ನು ಬಿ.ಎಡ್. ಅಂತ ಎರಡು ವರ್ಷ ಯಾಕೆ?” ಎಂದು ಕೇಳಿದಳು. ಅಂದು ಕಾಫಿ ಕುಡಿಯುವಷ್ಟರಲ್ಲಿ ಅರ್ಧ ಉತ್ತರ ಕೊಟ್ಟೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ಹೆತ್ತವರಿಗೂ ಇದರಲ್ಲಿ ಸಂಬಂಧವಿದೆಯೆಂದು ನನ್ನ ಭಾವನೆ.

ಕಾಲೇಜಿಗೆ ಹೋಗುತ್ತಿದ್ದಾಗ ನಾನೂ ಮನೆಪಾಠ ಹೇಳಿದವಳೇ. ನೆರೆಮನೆಯ ಜಗಲಿಯಲ್ಲಿ ನಾಲ್ಕು ಮಕ್ಕಳು. ಇಬ್ಬರ ಮನೆಮಾತು ತುಳು, ಒಬ್ಬನದು ಮಲಯಾಳ, ಇನ್ನೊಬ್ಬಳದು ಮರಾಟಿ. ಕಲಿಕೆ ಎಲ್ಲರದೂ ಕನ್ನಡದಲ್ಲಿ. ಸಿಗುತ್ತಿದ್ದ ಹಣ ಬಸ್ಸಿನ ಖರ್ಚಿಗೆ ಸಾಕಾಗುತ್ತಿತ್ತು, ಅಷ್ಟೆ.

ಒಂದು ದಿನ ಆ ಹುಡುಗಿ ‘ಊರೂರು’ ಎಂಬುದನ್ನು ‘ಊರು + ಊರು’ ಎಂದು ಸರಿಯಾಗಿಯೇ ಬಿಡಿಸಿ, ಎದುರಿಗೆ ‘ಸವರ್ಣದೀರ್ಘ ಸಂಧಿ’ ಎಂದು ಬರೆದಳು. ನಾನು ಹೊಡೆದುಹಾಕಿ ‘ಲೋಪಸಂಧಿ’ ಎಂದು ತಿದ್ದಿದೆ. “ಅಕ್ಕಾ, ಉಕಾರಕ್ಕೆ ಊಕಾರ ಸೇರಿದರೆ ಊಕಾರ ಅಂತ ನೀವೇ ಹೇಳಿದ್ದಲ್ವಾ? ಇಲ್ಲಿಯೂ ಹಾಗೇ ಆಗಿದೆಯಲ್ಲ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. “ಪುಸ್ತಕದಲ್ಲಿ ಹಾಗೆ ಉಂಟು” ಎಂದು ಬಾಯಿ ಮುಚ್ಚಿಸಿದೆ. ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮರುದಿನ ಕಾಲೇಜಿನಲ್ಲಿ ನಮ್ಮ ಗುರುಗಳನ್ನು ಕೇಳಿದೆ. ಸವರ್ಣದೀರ್ಘವು ಸಂಸ್ಕೃತ ಪದಗಳ ಸಂಧಿ, ‘ಊರು’ ಅಚ್ಚಗನ್ನಡ ಪದ ಎಂದರು. ಆಮೇಲೆ, “ಮಾತು + ಉಂಟು ಏನಾಗುತ್ತದೆ, ಹೇಳು” ಎಂದರು. ‘ಮಾತುಂಟು’ ಎಂದೆ. “ಮಾತೂಂಟು ಆಗಲಿಲ್ಲವಲ್ಲ, ಯಾಕೆ?” ಎಂದು ಕೇಳಿ ಸುಮ್ಮನಾದರು. ಆಗ ಹೊಳೆಯಿತು. ಮೊದಲ ಪದದ ಕೊನೆಯ ಉಕಾರ ಬಿದ್ದುಹೋಗುತ್ತದೆ. ಉಳಿಯುವುದು ಎರಡನೆಯ ಪದದ ಸ್ವಂತ ಸ್ವರ. ‘ಊರೂರು’ ಎಂಬಲ್ಲಿ ಕಾಣುವ ದೀರ್ಘ ಎರಡನೆಯ ‘ಊರಿ’ನದೇ, ಸಂಧಿಯಿಂದ ಹುಟ್ಟಿದ್ದಲ್ಲ. ಸಂಜೆ ಜಗಲಿಗೆ ಹೋಗಿ ಅದೇ ಪ್ರಶ್ನೆಯನ್ನು ಅವಳಿಗೆ ಕೇಳಿದೆ. ಅವಳಿಗೆ ನನಗಿಂತ ಬೇಗ ಹೊಳೆಯಿತು!

ತಪ್ಪು ಬರೆದ ಮಗು ಆಲೋಚಿಸಿಯೇ ಬರೆದಿರುತ್ತದೆ. ಆ ಆಲೋಚನೆಯ ದಾರಿ ಹಿಡಿದು ಹೋಗುವ ಅಭ್ಯಾಸ ನನಗಾದುದು ಆ ಜಗಲಿಯಲ್ಲಿ. ನಾಲ್ಕೇ ಮಕ್ಕಳಿದ್ದುದರಿಂದ ಅದು ಸಾಧ್ಯವಾಯಿತು. ಅಧ್ಯಾಪನಕ್ಕೆ ಇದಕ್ಕಿಂತ ಉತ್ತಮ ಪೂರ್ವತಯಾರಿ ಬೇರೆ ಇಲ್ಲವೆಂದೇ ನನ್ನ ಅಭಿಮತ.

ಹಾಗಾದರೆ ಬಿ.ಎಡ್. ಏಕೆ? ನನ್ನ ಕಾಲದಲ್ಲಿ ಅದು ಒಂದು ವರ್ಷದ್ದಾಗಿತ್ತು. 2015ರಿಂದ ಎರಡು ವರ್ಷದ್ದಾಯಿತು. ಬೋಧನಾಭ್ಯಾಸದ ಮೊದಲ ದಿನ ನನ್ನ ಮುಂದೆ ನಲವತ್ತು ಮಕ್ಕಳಿದ್ದರು. ನಾನು ಜಗಲಿಯ ಅಭ್ಯಾಸಬಲದಿಂದ ಮುಂದಿನ ಬೆಂಚಿನ ನಾಲ್ಕು ಮುಖಗಳನ್ನು ನೋಡಿಯೇ ಪಾಠ ಮುಗಿಸಿದೆ. ಹಿಂದೆ ಕುಳಿತಿದ್ದ ಉಪನ್ಯಾಸಕರು ಅದನ್ನು ತಪ್ಪದೆ ಗುರುತು ಹಾಕಿಕೊಂಡಿದ್ದರು. ಪ್ರಶ್ನೆ ಕೇಳಿ ಎರಡು ಕ್ಷಣವೂ ಕಾಯದೆ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ಇದೂ ಮನೆಪಾಠದಿಂದ ಬಂದ ಚಾಳಿಯೇ. ಪರೀಕ್ಷೆ ಹತ್ತಿರ ಬಂದಾಗ ಉತ್ತರ ಬರೆದುಕೊಟ್ಟು ಬಾಯಿಪಾಠ ಮಾಡಿಸಿದವಳು ನಾನು. ಮಕ್ಕಳೋ, ನನ್ನ ಮುಖ ನೋಡದೆ ಪೆನ್ಸಿಲ್ ಎತ್ತದಷ್ಟು ಪರಾಧೀನರಾಗಿದ್ದರು.

ವಿದ್ಯಾರ್ಥಿಯೇ ವಿದ್ಯಾರ್ಥಿಗೆ ಕಲಿಸುವುದು ಹೊಸ ಸಂಗತಿಯಲ್ಲ. 18ನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ನಮ್ಮ ನಾಡಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಅದನ್ನು ತಂದು, ಹಿರಿಯ ಹುಡುಗರಿಂದಲೇ ಕಿರಿಯರಿಗೆ ಕಲಿಸಿದನು. 1797ರಲ್ಲಿ ಅದರ ಕುರಿತು ಪುಸ್ತಕ ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ಆದರೆ ಹುಡುಗರು ತಮಗೆ ಕಂಠಪಾಠವಿದ್ದುದನ್ನಷ್ಟೇ ದಾಟಿಸಬಲ್ಲರು. 1846ರಲ್ಲಿ ಅಲ್ಲಿನ ಸರಕಾರವು ಕಲಿಸುವ ಹುಡುಗರಿಗೆ ಮುಖ್ಯೋಪಾಧ್ಯಾಯರ ಕೈಕೆಳಗೆ ಐದು ವರ್ಷಗಳ ತರಬೇತಿಯನ್ನು ಏರ್ಪಡಿಸಿತು.

ಇನ್ನೊಂದು ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಎರಡು ಭಾಷೆಗಳ ನಡುವೆ ಬದುಕಿದವರು. ನಾನೂ ಎರಡರಲ್ಲಿಯೂ ಓದಿದವಳು. ಮಲಯಾಳದ ಮೇಲೆ ನನಗೆ ಮುನಿಸಿಲ್ಲ. ಆದರೆ ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ ಪ್ರಸಂಗಗಳು ನಮ್ಮಲ್ಲಿ ನಡೆದಿವೆ, ಅದಕ್ಕಾಗಿ ಮಕ್ಕಳೂ ಹೆತ್ತವರೂ ಬೀದಿಗಿಳಿದುದೂ ಉಂಟು. ಅಂಥ ಅಧ್ಯಾಪಕರು ಎಷ್ಟೇ ವಿದ್ವಾಂಸರಿರಲಿ, ತರಬೇತಿ ಪಡೆದಿರಲಿ, “ಇಲ್ಲಿಯೂ ಹಾಗೇ ಆಗಿದೆಯಲ್ಲ?” ಎಂದು ಮಗು ಕೇಳುವ ಪ್ರಶ್ನೆ ಅವರ ಕಿವಿಗೆ ಬಿದ್ದೀತೇ? ಸರಿ-ತಪ್ಪಿನ ಗುರುತು ಹಾಕಬಹುದು. ತಪ್ಪಿನ ಒಳಗೆ ಹೋಗಲು ಮಗುವಿನ ಮಾತು ಗೊತ್ತಿರಬೇಕು. ನಮ್ಮ ಮಕ್ಕಳಲ್ಲಿ ಕೆಲವರಾದರೂ ಅಧ್ಯಾಪಕರಾಗಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಹೆತ್ತವರು ಸಭೆಗೆ ಬಂದಾಗ “ನೀವೇ ಟ್ಯೂಷನ್ ಕೊಡಬಹುದಲ್ಲ ಟೀಚರ್?” ಎನ್ನುತ್ತಾರೆ. ಶಾಲಾ ಅಧ್ಯಾಪಕರು ಖಾಸಗಿ ಪಾಠ ಹೇಳಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಹೇಳುತ್ತದೆ. ಅದು ಒಳ್ಳೆಯದೇ. ತರಗತಿಯಲ್ಲಿ ಹೇಳದೆ ಉಳಿಸಿಕೊಂಡು ಸಂಜೆ ಮಾರುವುದು ಅಧ್ಯಾಪನವಲ್ಲ. ಪಕ್ಕದ ಮನೆಯಲ್ಲಿ ಕಾಲೇಜು ಓದುವ ಅಕ್ಕನೋ ಅಣ್ಣನೋ ಇದ್ದರೆ ಧಾರಾಳವಾಗಿ ಕಳುಹಿಸಿ. ಅವರಿಗೂ ಪ್ರಯೋಜನ, ಮಗುವಿಗೂ ಪ್ರಯೋಜನ. ಮಗು ಮನೆಗೆ ಬಂದಾಗ ಎಷ್ಟು ಪುಟ ಬರೆಸಿದರೆಂದು ಮಾತ್ರ ಕೇಳಬೇಡಿ. ನೀನೇನು ಕೇಳಿದೆ ಎಂದು ಕೇಳಿ.

ನಮ್ಮ ಹಳೆ ವಿದ್ಯಾರ್ಥಿನಿ ಹೊರಟು ನಿಂತಾಗ ನಗುತ್ತಾ ಒಂದು ವಿಷಯ ಹೇಳಿದಳು. ಅವಳ ಟ್ಯೂಷನ್ನಿನ ಹುಡುಗನೊಬ್ಬ ‘ವಿದ್ಯಾಲಯ’ವನ್ನು ‘ವಿದ್ಯಾ + ಲಯ’ ಎಂದು ಬಿಡಿಸಿದ್ದನಂತೆ.

“ತಪ್ಪು ಅಂತ ಹೊಡೆದುಹಾಕಿದೆಯಾ?” ಎಂದೆ.

“ಇಲ್ಲ ಟೀಚರೇ, ಲಯ ಅಂದರೇನು ಅಂತ ಕೇಳಿದೆ. ಅವನು ಯಕ್ಷಗಾನ ಕಲಿಯಲು ಹೋಗುವವ. ತಾಳ ಹಾಕಿ ತೋರಿಸಿದ.”