ಮಾನಸಗಂಗೋತ್ರಿಯ ನೀರು ನ್ಯಾಮತಿಗೆ ಹರಿಯುವುದೆಂದು?

ನಗರದಲ್ಲಿ ಕೂತು ಈ ಪತ್ರಿಕೆ ಓದುತ್ತಿರುವ ಕನ್ನಡದ ತರುಣ ತರುಣಿಯರೇ,

ನಾನು ಪಿಯುಸಿಗೇ ಓದು ನಿಲ್ಲಿಸಿದವನು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ್ದು ಅಚ್ಚಾದ ಕಾಗದದ ಬಂಡಲು ಹೊತ್ತುಕೊಂಡೇ ಹೊರತು ಪುಸ್ತಕ ಹಿಡಿದಲ್ಲ. ಆದರೂ ಇವತ್ತು ಒಂದು ವಿಶ್ವವಿದ್ಯಾನಿಲಯದ ಕಥೆ ಹೇಳುತ್ತೇನೆ. ಕಾರಣವಿದೆ.

ಕಳೆದ ವರ್ಷ ಹೊನ್ನಾಳಿಯ ನನ್ನ ಪ್ರೆಸ್ಸಿಗೆ ನ್ಯಾಮತಿ ಕಡೆಯ ಒಬ್ಬ ಹುಡುಗಿ ಬಂದಳು. ಬಿ.ಎ. ಓದುತ್ತಿದ್ದಾಳೆ. ಕೈಯಲ್ಲೊಂದು ದಪ್ಪ ನೋಟ್‌ಬುಕ್ಕು. ಇಂಗ್ಲಿಷಿನ ಅರ್ಥಶಾಸ್ತ್ರ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಸಾಲುಸಾಲಾಗಿ ಕನ್ನಡಕ್ಕೆ ಇಳಿಸಿದ್ದಳು. "ಹತ್ತು ಪ್ರತಿ ಮಾಡಿಸಿದರೆ ಎಷ್ಟಾಗುತ್ತೆ ಅಣ್ಣಾ? ಗೆಳತಿಯರಿಗೂ ಬೇಕು. ಪರೀಕ್ಷೆ ಕನ್ನಡದಲ್ಲಿ ಬರೆಯೋಕೆ ಬಿಡ್ತಾರೆ. ಓದೋಕೆ ಪುಸ್ತಕ ಇಲ್ಲ" ಎಂದಳು.

ನಾನು ದುಡ್ಡು ತಗೊಳ್ಳಲಿಲ್ಲ. ನಾಚಿಕೆಯಾಯಿತು.

ಈಗ ಕಥೆ ಕೇಳಿ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಕಟ್ಟಿದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯ. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಹಿಂದಿನ ವರ್ಷ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೂ ಅವರೇ ಮೊದಲ ಅಧ್ಯಕ್ಷರು. ಎರಡು ಕುರ್ಚಿಯಲ್ಲೂ ಒಬ್ಬರೇ! ಆದರೂ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲೇ ಎಂ.ಎ. ಓದಲು 1927ರವರೆಗೆ ಕಾಯಬೇಕಾಯಿತು.

ಅತ್ತ ಹೈದರಾಬಾದಿನಲ್ಲಿ ಏನಾಯಿತು? 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವಿನಲ್ಲೇ ಪಾಠ ಆರಂಭಿಸಿತು. ಅನುವಾದಕ್ಕೆಂದೇ ಕಚೇರಿ ತೆರೆದು ವಿಜ್ಞಾನ, ವೈದ್ಯದ ಪುಸ್ತಕಗಳನ್ನೂ ಉರ್ದುವಿಗೆ ತಂದರು. ಭಾಷೆಗೆ ಶಕ್ತಿ ಇಲ್ಲ ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ನಮ್ಮಲ್ಲೂ ಆಳುಗಳಿದ್ದರು. ಜಗಳೂರಿನ ಪಕ್ಕದ ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ ಬಂದ ಟಿ.ಎಸ್. ವೆಂಕಣ್ಣಯ್ಯ ಆ ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದರು. ಅವರ ಕೈಯಲ್ಲಿ ಪಳಗಿದ ಮಲೆನಾಡಿನ ಹುಡುಗ ಕುವೆಂಪು. ಚನ್ನಗಿರಿ, ಹೊನ್ನಾಳಿಗಳೂ ಆಗ ಅವರದೇ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ದಾವಣಗೆರೆ ಜಿಲ್ಲೆಗೆ ಬಂದದ್ದು 1997ರಲ್ಲಿ. ಇಂಗ್ಲಿಷಿನಲ್ಲಿ ಪದ್ಯ ಬರೆಯಲು ಹೊರಟಿದ್ದ ಆ ಹುಡುಗ ಕನ್ನಡಕ್ಕೆ ಹೊರಳಿ, 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾದರು. ಮಾನಸಗಂಗೋತ್ರಿ ಅನ್ನುವ ಹೆಸರು ಅವರು ಇಟ್ಟದ್ದು. ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ್ದು ಗುರು ವೆಂಕಣ್ಣಯ್ಯನವರಿಗೆ.

ಕೆಲಸವೂ ಆಯಿತು. 1930ರ ದಶಕದಿಂದಲೇ ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟರು. ಅವು ಪುಟ್ಟ ಪುಸ್ತಕಗಳಾದವು. 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಬಂತು. 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂತು. ಒಂದೊಂದು ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ ಅದು! ಆ ಬೆವರು ಎಷ್ಟೆಂದು ನನ್ನಂಥ ಅಚ್ಚಿನವನಿಗೆ ಗೊತ್ತು.

ಇವತ್ತು ಕಂಪ್ಯೂಟರಿದೆ, ಯೂನಿಕೋಡ್ ಇದೆ, ಒಂದು ದಿನದಲ್ಲಿ ಪುಸ್ತಕ ಅಚ್ಚಾಗುತ್ತದೆ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ಹೆಸರಿನಲ್ಲೇ ವಿಶ್ವವಿದ್ಯಾನಿಲಯವಾಯಿತು. 2009ರಲ್ಲಿ ದಾವಣಗೆರೆಗೂ ಬಂತು. ಕ್ಯಾಂಪಸ್ಸು ಮನೆ ಬಾಗಿಲಿಗೇ ಬಂದಿದೆ. ಪುಸ್ತಕ ಮಾತ್ರ ಬಂದಿಲ್ಲ. ಕೆರೆ ಕಟ್ಟಿ ತೂಬು ಮುಚ್ಚಿಟ್ಟ ಹಾಗೆ!

ಆದ್ದರಿಂದ ಎರಡು ಮಾತು. ಒಂದು, ಕನ್ನಡದಲ್ಲಿ ಪರೀಕ್ಷೆ ಬರೆಯಲು ಬಿಡುವ ಪ್ರತಿ ವಿಶ್ವವಿದ್ಯಾನಿಲಯವೂ ಆ ವಿಷಯದ ಕನ್ನಡ ಪುಸ್ತಕ ಕೊಡಲೇಬೇಕು. ಪ್ರಸಾರಾಂಗ ಇರುವುದೇ ಅದಕ್ಕೆ. ಕೊಡದಿದ್ದರೆ ಕುಲಪತಿಗಳ ಬಾಗಿಲಲ್ಲಿ ಕೂತು ಕೇಳೋಣ.

ಎರಡನೆಯದು ನಿಮಗೆ. ನವೆಂಬರ್ ಒಂದಕ್ಕೆ ಬಾವುಟ ಹಿಡಿದು ಬೈಕು ಓಡಿಸುತ್ತೀರಿ, ಸಂತೋಷ. ಆದರೆ ನಿಮಗೆ ಇಂಗ್ಲಿಷೂ ಗೊತ್ತು, ಕನ್ನಡವೂ ಗೊತ್ತು. ನೀವು ಓದಿದ ವಿಷಯದ ಒಂದೇ ಒಂದು ಅಧ್ಯಾಯವನ್ನು ಜಗಳೂರಿನ ಹುಡುಗನಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಕಳಿಸಿ. ತಿಳಿದ ಮೇಷ್ಟ್ರಿಂದ ತಿದ್ದಿಸಿ ಅಚ್ಚು ಹಾಕುವ ಜವಾಬ್ದಾರಿ ನನ್ನದು.

ಆ ಹುಡುಗಿ ಒಬ್ಬಳೇ ಇಡೀ ಪುಸ್ತಕ ಬರೆದಳು. ನಿಮ್ಮಿಂದ ಒಂದು ಅಧ್ಯಾಯ ಆಗುವುದಿಲ್ಲವೇ?