ಪದದ ಜಾಡು, ಭಾಗ 6: ಉತ್ಸವಮೂರ್ತಿ

"ಅವರೇನ್ ಬಿಡಿ, ಬರೀ ಉತ್ಸವಮೂರ್ತಿ." ಪೇಪರ್‌ನಲ್ಲಿ, ಟಿವಿ ಚರ್ಚೆಯಲ್ಲಿ, ನಮ್ ಕ್ಯಾಂಟೀನ್‌ನಲ್ಲೂ ಈ ಮಾತು ಕೇಳಿರ್ತೀರಿ. ಕುರ್ಚಿ ಇದೆ, ಹಾರ ಇದೆ, ಅಧಿಕಾರ ಮಾತ್ರ ಬೇರೆಯವರ ಕೈಲಿದೆ ಅಂತ ಅರ್ಥ.

ಪದ ಬಂದಿದ್ದು ದೇವಸ್ಥಾನದಿಂದ. ಮೂಲಮೂರ್ತಿ ಗರ್ಭಗುಡಿ ಬಿಟ್ಟು ಕದಲಲ್ಲ. ಮೆರವಣಿಗೆಗೆ ಹೊರಡೋದು ಉತ್ಸವಮೂರ್ತಿ. ಸಾಮಾನ್ಯವಾಗಿ ಲೋಹದ್ದು, ಹೊರೋಕೆ ಆಗುವಷ್ಟು ಗಾತ್ರ. ಹೊತ್ತವರು ತಿರುಗಿದ ಕಡೆ ಅದೂ ತಿರುಗಬೇಕು, ವ್ಯಂಗ್ಯ ಹುಟ್ಟಿದ್ದು ಅಲ್ಲೇ. ಆದ್ರೆ ಭಕ್ತರ್ಯಾರೂ ಅದನ್ನ ಡಮ್ಮಿ ಅನ್ನಲ್ಲ. ಮೇಲುಕೋಟೆಯಲ್ಲಿ ವೈರಮುಡಿ ಕಿರೀಟ ಏರೋದು ಚೆಲುವನಾರಾಯಣನ ಉತ್ಸವಮೂರ್ತಿಯ ತಲೆಗೇ. ಗುಡಿ ಮೆಟ್ಟಿಲು ಹತ್ತೋಕಾಗದ ಅಜ್ಜಿಗೂ ಬೀದಿಯಲ್ಲಿ ದರ್ಶನ ಸಿಗೋದು ಈ ಮೂರ್ತಿ ಹೊರಗೆ ಬರೋದರಿಂದ.

ರಾಷ್ಟ್ರಪತಿಗೆ ಈ ಪದ ಬಳಸಿದರೆ ನಂದೇನೂ ತಕರಾರಿಲ್ಲ. ಆ ಹುದ್ದೆಯನ್ನ ಸಂವಿಧಾನವೇ ಹಾಗೆ ರೂಪಿಸಿದೆ. ಮಂತ್ರಿಮಂಡಲದ ಸಲಹೆಯಂತೆಯೇ ನಡೀಬೇಕು ಅಂತ 1976ರ 42ನೇ ತಿದ್ದುಪಡಿ ಖಡಾಖಂಡಿತವಾಗಿ ಹೇಳಿತು. 1978ರ 44ನೇ ತಿದ್ದುಪಡಿ ಬಂದಮೇಲೆ, ಆ ಸಲಹೆಯನ್ನ ಒಂದು ಸಲ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು, ಅಷ್ಟೇ.

ನನ್ನ ಜಗಳ ಇರೋದು ಗ್ರಾಮ ಪಂಚಾಯ್ತಿ ಅಧ್ಯಕ್ಷೆಗೂ ಇದೇ ಪದ ಅಂಟಿಸೋದರ ಬಗ್ಗೆ. ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ರಾಷ್ಟ್ರಪತಿ ಥರ ಅಲ್ಲ, ಅಧ್ಯಕ್ಷೆಗೆ ಕಾನೂನು ನಿಜವಾದ ಅಧಿಕಾರ ಕೊಟ್ಟಿದೆ. ಸಭೆ ಕರೆಯೋದು, ನಡೆಸೋದು ಅವರೇ. ಗಂಡನೋ ಮೈದುನನೋ ಅದನ್ನ ಕಿತ್ಕೊಂಡು, ಪಕ್ಕದ ಕುರ್ಚಿಯಲ್ಲಿ ಕೂತು ತಾನೇ ಮಾತಾಡಿದರೆ, ಊರು ನಗೋದು ಮಾತ್ರ ಆಕೆಯನ್ನ ನೋಡಿ! ಕಿತ್ಕೊಂಡವನಿಗೆ ಒಂದು ಬೈಗುಳವೂ ಇಲ್ಲ. ಹಿಂದಿಯಲ್ಲಾದ್ರೂ 'ಸರಪಂಚ್ ಪತಿ' ಅಂತ ಅವನಿಗೊಂದು ಹೆಸರಿಟ್ಟಿದ್ದಾರೆ.

ನಮ್ಮ ಕಂಪನಿ ಲಾ ನೆನಪಿದ್ಯಾ? 2013ರ ಕಾಯ್ದೆ, ಸೆಕ್ಷನ್ 166: ಡೈರೆಕ್ಟರ್ ಆದವರು ಸ್ವಂತ ವಿವೇಚನೆ ಬಳಸಬೇಕು. 'ಹೆಸರಿಗಷ್ಟೇ ಡೈರೆಕ್ಟರ್' ಅನ್ನೋರಿಗೆ ಅಂತ ಅಲ್ಲಿ ಬೇರೆ ನಿಯಮ ಇಲ್ಲ. (ಎಕ್ಸಾಮ್‌ಗೂ ಬೇಕಾಗುತ್ತೆ, ಬರ್ಕೊಳ್ಳಿ.) ಪಂಚಾಯ್ತಿ ಕಥೆಯೂ ಹೆಚ್ಚುಕಡಿಮೆ ಹಾಗೇ. ಬಿಲ್‌ನಲ್ಲಿ ಏನಾದ್ರೂ ಎಡವಟ್ಟಾದ್ರೆ ಉತ್ತರ ಕೊಡಬೇಕಾಗೋದು ಸಹಿ ಹಾಕಿದ ಆಕೆ. "ಹಾಕು" ಅಂದವನ ಹೆಸರು ಯಾವ ಕಡತದಲ್ಲೂ ಇರಲ್ಲ.

ಪಲ್ಲಕ್ಕಿ ಹೊತ್ತು ತನಗೆ ಬೇಕಾದ ಕಡೆ ತಿರುಗಿಸೋ ಆ ಮಹಾಶಯನಿಗೆ ನಿಮ್ಮೂರಲ್ಲಿ ಏನಾದ್ರೂ ಹೆಸರಿದ್ಯಾ? ಇದ್ರೆ ಕಾಮೆಂಟ್‌ನಲ್ಲಿ ಹಾಕಿ, ಭಾಗ 7 ಅದರ ಮೇಲೇ ಬರೀತೀನಿ.